ಶ್ವಾನದಳ ಬರುವ ಮುನ್ನ ತೋಟದವರು ಮಾಡಬೇಕಾದದ್ದು

ಮೂಡಿಗೆರೆ, ಸಕಲೇಶಪುರದ ಕಡೆ ಕಾಫಿ ತೋಟಕ್ಕೆ ಹೋದ ಹಿರಿಯರು ಕತ್ತಲಾದರೂ ಹಿಂತಿರುಗದಿದ್ದಾಗ ಊರಿನವರೆಲ್ಲ ಬ್ಯಾಟರಿ ಹಿಡಿದು ಹುಡುಕಲು ಹೊರಡುವುದು ಸಹಜ. ಆದರೆ ಅಷ್ಟು ಜನರ ಓಡಾಟದಿಂದ ವಾಸನೆಯ ಜಾಡು ಕಲಸಿಹೋಗಿ, ಹುಡುಕಲು ಬರುವ ಶ್ವಾನದಳದ ನಾಯಿಯ ಕೆಲಸ ಕಷ್ಟವಾಗುತ್ತದೆ. ಮೊದಲು 112ಕ್ಕೆ ಕರೆ ಮಾಡಿ, ಅವರನ್ನು ಕೊನೆಯದಾಗಿ ಕಂಡ ಸ್ಥಳವನ್ನು ಯಾರೂ ತುಳಿಯದಂತೆ ಕಾಯಿರಿ.

ಅತ್ಯಂತ ಎಚ್ಚರ ಬೇಕಿರುವುದು ನಾಯಿಗೆ ಮೂಸಲು ಕೊಡುವ ವಸ್ತುವಿನ ಆಯ್ಕೆಯಲ್ಲಿ. ಮನುಷ್ಯನ ಮೈಯಿಂದ ಸದಾ ಉದುರುವ ಚರ್ಮದ ಸೂಕ್ಷ್ಮ ಕಣಗಳ ವಾಸನೆಯನ್ನೇ ನಾಯಿ ಹಿಂಬಾಲಿಸುವುದರಿಂದ, ಅವರೊಬ್ಬರೇ ತೊಟ್ಟ, ಒಗೆಯದ ಬನಿಯನ್ನೋ ಕಾಲುಚೀಲವನ್ನೋ ಆರಿಸಬೇಕು. ಮನೆಮಂದಿಯೆಲ್ಲ ಹೊದೆಯುವ ಕಂಬಳಿ ಬೇಡ. ಆರಿಸಿದ ಬಟ್ಟೆಯನ್ನು ಬರಿಗೈಯಲ್ಲಿ ಮುಟ್ಟದೆ, ಹೊಸ ಪ್ಲಾಸ್ಟಿಕ್ ಚೀಲವನ್ನು ಕೈಗವಸಿನಂತೆ ತೊಟ್ಟು ಎತ್ತಿ, ಚೀಲವನ್ನು ಅದರ ಮೇಲೆಯೇ ಮಗುಚಿ ಕಟ್ಟಿಡಿ. ಗಾಬರಿಯಲ್ಲಿ ಮನೆಯವರು ಬಟ್ಟೆಯನ್ನು ಎದೆಗೊತ್ತಿಕೊಂಡು ಅಳುವುದುಂಟು. ಆ ಸಂಕಟ ಅರ್ಥವಾಗುವಂಥದ್ದೇ, ಆದರೂ ಮೃದುವಾಗಿ ತಡೆಯಿರಿ.

ಎಲ್ಲ ನಾಯಿಗಳೂ ನೆಲ ಮೂಸುತ್ತ ಸಾಗುವುದಿಲ್ಲ. ಕೆಲವು ಗಾಳಿಯಲ್ಲಿ ತೇಲಿಬರುವ ವಾಸನೆಯನ್ನು ಹಿಡಿಯುತ್ತವೆ. ರಾತ್ರಿ ತಂಪುಗಾಳಿ ಇಳಿಜಾರಿನಲ್ಲಿ ಕೆಳಗಿಳಿದು ವಾಸನೆಯನ್ನು ಹಳ್ಳದಲ್ಲಿ ತುಂಬುತ್ತದೆ, ಬಿಸಿಲೇರಿದಂತೆ ಗಾಳಿ ಮೇಲಕ್ಕೆ ತಿರುಗುತ್ತದೆ. ಆದ್ದರಿಂದ ತೋಟದ ಹಳ್ಳ, ಕಾಲುದಾರಿ, ಬೇಲಿಗಳನ್ನು ಬಲ್ಲ ಒಬ್ಬರು ತಂಡದ ಜೊತೆಗಿರಲಿ.

2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಾದಂತೆ ಗುಡ್ಡ ಕುಸಿದಾಗ, ಅಡಿಯಲ್ಲಿ ಸಿಲುಕಿದವರ, ಮಣ್ಣಿನ ಸಂದುಗಳಿಂದ ಹೊರಬರುವ ವಾಸನೆಯನ್ನು ಹಿಡಿಯಲು ತರಬೇತಾದ ನಾಯಿ ಬೇಕಾಗುತ್ತದೆ. ಅದು ಮೂಸುವಾಗ ಜೆಸಿಬಿ ನಿಲ್ಲಿಸಿ, ಜನರನ್ನು ದೂರವಿಡಿ.

ಮನೆಯ ನಾಯಿಗಳನ್ನು ಕಟ್ಟಿಹಾಕಿ. ಬಂದ ನಾಯಿಯನ್ನು ಸವರಬೇಡಿ, ತಿಂಡಿ ಹಾಕಬೇಡಿ. ಕುಡಿಯುವ ನೀರನ್ನು ಮಾತ್ರ ಅದರ ತರಬೇತುದಾರರ ಕೈಗೆ ಕೊಡಿ.