ಬೆಕ್ಕಿಗೆ ಶುಗರ್ ಅಂದಾಗ ಮೊದಲು ಸಿರಿಂಜ್ ನೋಡಿ

ಬೆಕ್ಕಿಗೆ ಶುಗರ್ ಇದೆ ಅಂತ ಈಗಷ್ಟೇ ಗೊತ್ತಾದವರಿಗೆ ಒಂದೆರಡು ಮಾತು. ಇನ್ಸುಲಿನ್ ಚುಚ್ಚೋದು ಅಂದುಕೊಂಡಷ್ಟು ಕಷ್ಟ ಅಲ್ಲ, ಸೂಜಿ ಕೂದಲೆಳೆಯಷ್ಟು ಸಣ್ಣ. ಎಡವಟ್ಟಾಗೋದು ಸಿರಿಂಜ್‌ನಲ್ಲಿ. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಯು-40, ಯು-100 ಎರಡೂ ಸಿಗುತ್ತೆ (ಒಂದು ಎಂಎಲ್‌ಗೆ ಎಷ್ಟು ಯೂನಿಟ್ ಇನ್ಸುಲಿನ್ ಅನ್ನೋ ಲೆಕ್ಕ ಅದು). ಇನ್ಸುಲಿನ್ ಬಾಟಲಿ ಮೇಲೆ ಯಾವುದಿದೆಯೋ ಅದೇ ಸಿರಿಂಜ್ ಬೇಕು. ಯು-100 ಇನ್ಸುಲಿನ್ನನ್ನ ಯು-40 ಸಿರಿಂಜ್‌ನಲ್ಲಿ ಎಳೆದರೆ ಡೋಸ್ ಎರಡೂವರೆ ಪಟ್ಟು ಆಗುತ್ತೆ, ಜೀವಕ್ಕೇ ಅಪಾಯ.

ಸಾಮಾನ್ಯವಾಗಿ 12 ಗಂಟೆಗೊಮ್ಮೆ ಕೊಡಬೇಕು. ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳೋರು ಮನೇಲಿ ಇನ್ನೊಬ್ಬರಿಗೂ ಕಲಿಸಿಡಿ. ಆದರೆ ಕೊಟ್ಟ ತಕ್ಷಣ ಫ್ರಿಡ್ಜ್ ಬಾಗಿಲ ಮೇಲೆ ಬರೆದಿಡಿ, ಇಬ್ಬರೂ ಕೊಟ್ಟುಬಿಟ್ಟೀರಿ! ಕೊಟ್ಟೆವೋ ಇಲ್ಲವೋ ಅಂತ ಅನುಮಾನ ಬಂದರೆ ಮತ್ತೆ ಕೊಡಬೇಡಿ. ಬೆಕ್ಕು ಊಟ ಬಿಟ್ಟಿದ್ದರೆ ಇನ್ಸುಲಿನ್ ಕೊಡೋ ಮೊದಲು ಡಾಕ್ಟರಿಗೆ ಫೋನ್ ಮಾಡಿ.

ತೂರಾಡೋದು, ಮಂಕಾಗೋದು, ನಡುಕ, ಫಿಟ್ಸ್ ಕಂಡರೆ ಶುಗರ್ ಇಳಿದಿರಬಹುದು. ಒಸಡಿಗೆ ಜೇನುತುಪ್ಪ ಸವರಿ ಆಸ್ಪತ್ರೆಗೆ ಓಡಿ.

ಮೊಸರನ್ನ, ಹಾಲನ್ನ ನಿಲ್ಲಿಸಿ. ಅಜ್ಜಿಯರು ಬೇಜಾರು ಮಾಡಿಕೊಳ್ತಾರೆ, ಮಾಡಿಕೊಳ್ಳಲಿ. ಕಾರ್ಬ್ (ಪಿಷ್ಟ, ಸಕ್ಕರೆ ಅಂಶ) ಕಡಿಮೆ ಇರೋ ವೆಟ್ ಫುಡ್ ಒಳ್ಳೇದು. ಆದರೆ ಆಹಾರ ಬದಲಾದರೆ ಇನ್ಸುಲಿನ್ ಅಗತ್ಯವೂ ಇಳಿಯಬಹುದು, ಡಾಕ್ಟರಿಗೆ ಹೇಳದೆ ಬದಲಿಸಬೇಡಿ.

ಕ್ಲಿನಿಕ್‌ನಲ್ಲಿ ಹೆದರಿದ ಬೆಕ್ಕಿನ ಶುಗರ್ ಸುಮ್ಮನೆ ಏರುತ್ತೆ. ಅದಕ್ಕೇ ಕಿವಿಯಂಚಿಂದ ಒಂದು ಹನಿ ರಕ್ತ ತೆಗೆದು ಮನೆಯಲ್ಲೇ ನೋಡೋದನ್ನ ಡಾಕ್ಟರ್ ಹತ್ತಿರ ಕಲಿತುಕೊಳ್ಳಿ. ಕೆಲವು ಬೆಕ್ಕುಗಳಿಗೆ ಮುಂದೆ ಇನ್ಸುಲಿನ್ನೇ ಬೇಡವಾಗೋದೂ ಉಂಟು.