ಅನಿಮೆ ಫಿಗರ್ ಕೊಳ್ಳುವಾಗ ನಾನು ಏನು ನೋಡುತ್ತೇನೆ

ಟೋಕಿಯೊದಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದ ಮೇಲೆ ಫಿಗರ್, ಅಂದರೆ ಅನಿಮೆ (ಜಪಾನಿ ಕಾರ್ಟೂನ್) ಶೈಲಿಯ ಪಾತ್ರಗಳ ಪ್ಲಾಸ್ಟಿಕ್ ಮೂರ್ತಿ, ಕೂಡಿಡುವ ಹುಚ್ಚು ಹತ್ತಿತು. ಅದರಲ್ಲೂ ಕಂಪ್ಯೂಟರ್ ದನಿಯಲ್ಲಿ ಹಾಡುವ ಕಾಲ್ಪನಿಕ ಗಾಯಕಿ ಹತ್ಸುನೆ ಮಿಕು ಅಂದರೆ ನನಗೆ ಜೀವ. ಊರಿನಿಂದ ಬಂದವರನ್ನು ಇಂಥ ಅಂಗಡಿಗಳೇ ತುಂಬಿರುವ ಅಕಿಹಬಾರ ಬಡಾವಣೆಗೆ ಕರೆದುಕೊಂಡು ಹೋದರೆ ಕೇಳುವ ಪ್ರಶ್ನೆ ಒಂದೇ. "ಎರಡು ಸಾವಿರ ಯೆನ್‌ಗೂ ಮಿಕು ಇದೆ, ಇಪ್ಪತ್ತು ಸಾವಿರಕ್ಕೂ ಇದೆ. ಯಾವುದು ಚೆನ್ನಾಗಿದೆ ಅಂತ ಹೇಗೆ ಗೊತ್ತಾಗುತ್ತೆ?"

ಬೆಲೆ ನೋಡಿ ತೀರ್ಮಾನ ಮಾಡಬೇಡಿ ಅನ್ನುತ್ತೇನೆ. ಕೆತ್ತನೆಯನ್ನೂ ಬಣ್ಣವನ್ನೂ ಬೇರೆ ಬೇರೆಯಾಗಿ ನೋಡಿ. ಕೆತ್ತನೆ ಅಚ್ಚಿನಿಂದ ಬರುತ್ತದೆ. ಒಂದೇ ಉಕ್ಕಿನ ಅಚ್ಚಿನಿಂದ ಸಾವಿರಾರು ಪೀಸ್ ಹೊರಬೀಳುತ್ತವೆ, ಎಲ್ಲವೂ ಹೆಚ್ಚುಕಮ್ಮಿ ಒಂದೇ ಥರ. ಹಾಗಾಗಿ ಕೆತ್ತನೆ ಹೇಗಿದೆ ಅಂತ ಬೇರೆಯವರು ತೆಗೆದ ಫೋಟೋದಲ್ಲೇ ತಿಳಿಯಬಹುದು. ಬಣ್ಣ ಹಾಗಲ್ಲ. ಪ್ರತಿ ಪೀಸ್‌ಗೂ ಬಣ್ಣ ಬೇಡದ ಕಡೆ ಮುಚ್ಚುವ ಮಾಸ್ಕ್ ಹಿಡಿದು ಸ್ಪ್ರೇ ಮಾಡಬೇಕು, ಸಣ್ಣ ಗೆರೆಗಳನ್ನು ಕೈಯಲ್ಲಿ ಎಳೆಯಬೇಕು. ಆದ್ದರಿಂದ ಬಣ್ಣದ ವಿಷಯದಲ್ಲಿ ನಿಮ್ಮ ಮುಂದಿರುವ ಆ ಒಂದು ಪೀಸ್‌ನ್ನೇ ನೋಡಬೇಕು. ಕಂಪನಿಯ ಜಾಹೀರಾತು ಫೋಟೋದಲ್ಲಿ ಸಾಮಾನ್ಯವಾಗಿ ಇರುವುದು ಪರಿಣಿತರು ಕೈಯಲ್ಲಿ ಬಣ್ಣ ಹಚ್ಚಿದ ಮಾದರಿ. ಪೆಟ್ಟಿಗೆಯಲ್ಲಿ ಬರುವುದು ಅದೇ ಅಲ್ಲ.

ಕೆತ್ತನೆ ನೋಡುವಾಗ ನಾನು ಶುರು ಮಾಡುವುದು ಮುಖದ ಪಕ್ಕದ ನೋಟದಿಂದ. ಎದುರಿನಿಂದ ಚೆಂದ ಕಾಣಿಸುವುದು ಅಷ್ಟು ಕಷ್ಟವಲ್ಲ. ಅನಿಮೆ ಮುಖ ಕಾಗದದ ಮೇಲೆ ಹುಟ್ಟಿದ್ದು. ಚಿತ್ರ ಬರೆಯುವವರು ಪಕ್ಕಕ್ಕೆ ತಿರುಗಿದ ಮುಖದಲ್ಲಿ ಬಾಯಿಯನ್ನು ಕೆನ್ನೆಯ ಮೇಲೆ ಸರಿಸಿ ಬರೆದುಬಿಡುತ್ತಾರೆ, ಯಾರಿಗೂ ತಪ್ಪು ಅನಿಸುವುದಿಲ್ಲ. ಮೂರ್ತಿ ಮಾಡುವವರಿಗೆ ಆ ಸೌಲಭ್ಯ ಇಲ್ಲ. ಬಾಯಿ ಒಂದೇ ಜಾಗದಲ್ಲಿರಬೇಕು, ಸುತ್ತಲಿಂದ ನೋಡಿದರೂ ಅದೇ ಹುಡುಗಿ ಅನಿಸಬೇಕು. ಮೂಗಿನ ತುದಿಯಿಂದ ಗಲ್ಲದವರೆಗಿನ ಇಳಿಜಾರು, ಕೆನ್ನೆ ಉಬ್ಬಿ ಮತ್ತೆ ಒಳಗೆ ಹೋಗುವ ಜಾಗ, ಇವೆರಡನ್ನು ಹೇಗೆ ಬಿಡಿಸಿದ್ದಾರೆ ಅನ್ನುವುದರಲ್ಲೇ ಕಲಾವಿದರ ಕೈ ಗೊತ್ತಾಗುತ್ತದೆ. ಸ್ವಲ್ಪ ಓರೆಯಾಗಿ ತಿರುಗಿಸಿದಾಗ ಮುಖ ಚಪ್ಪಟೆಯಾಗಿ ಕಂಡರೆ ನಾನು ಮುಂದೆ ನೋಡುವುದೇ ಇಲ್ಲ. ಈ ಕೆಲಸ ಮಾಡುವವರನ್ನು ಇಲ್ಲಿ ಗೆಂಕೇಶಿ ಅನ್ನುತ್ತಾರೆ. ಎಷ್ಟೋ ಫಿಗರ್‌ಗಳಲ್ಲಿ ಅವರ ಹೆಸರು ಪೆಟ್ಟಿಗೆಯ ಮೇಲೇ ಇರುತ್ತದೆ. ದಯವಿಟ್ಟು ಆ ಹೆಸರು ಓದಿ, ನೆನಪಿಡಿ. ಕಂಪನಿಗಿಂತ ಜಾಸ್ತಿ ನಂಬಬಹುದಾದ ಗುರುತು ಅದು.

ಆಮೇಲೆ ಕೂದಲು. ಮಿಕುವಿನ ಎರಡು ಜಡೆ ಹೆಚ್ಚುಕಮ್ಮಿ ಅವಳಷ್ಟೇ ಉದ್ದ. ಪಿವಿಸಿ ಪ್ಲಾಸ್ಟಿಕ್ ಕರಗಿಸಿ ಅಚ್ಚಿಗೆ ತುಂಬಿದಾಗ ಅಚ್ಚಿನ ಎರಡು ಭಾಗ ಕೂಡುವ ಕಡೆ ಒಂದು ಸಣ್ಣ ಗೆರೆ ಉಳಿಯುತ್ತದೆ. ಅದನ್ನು ಪೂರ್ತಿ ತಪ್ಪಿಸುವುದು ಕಷ್ಟ, ಬಚ್ಚಿಡಬಹುದು. ಒಳ್ಳೆಯ ಫಿಗರ್‌ನಲ್ಲಿ ಆ ಗೆರೆ ಎರಡು ಎಳೆಗಳ ನಡುವಿನ ತಗ್ಗಿನಲ್ಲಿ ಓಡುತ್ತದೆ, ಹುಡುಕಿದರೂ ಸಿಗುವುದಿಲ್ಲ. ಅಷ್ಟು ಗಮನ ಕೊಡದ ಫಿಗರ್‌ನಲ್ಲಿ ಎಳೆಯ ಬೆನ್ನ ಮೇಲೇ ಏರಿ ಕೂತಿರುತ್ತದೆ. ಜಡೆಯ ತುದಿಯನ್ನೂ ನೋಡಿ. ಚೂಪಾಗಿ ತೆಳುವಾಗುತ್ತಾ ಹೋದರೆ ಕೆಲಸ ಅಚ್ಚುಕಟ್ಟು, ಮೊಂಡಾಗಿ ನಿಂತರೆ ಎಲ್ಲೋ ಖರ್ಚು ಉಳಿಸಿದ್ದಾರೆ.

ಅಳತೆಯ ಬಗ್ಗೆ ಒಂದು ಮಾತು. ಮಿಕುವಿನ ಎತ್ತರ 158 ಸೆಂಟಿಮೀಟರ್ ಅಂತ ಅವಳನ್ನು ಸೃಷ್ಟಿಸಿದ ಕ್ರಿಪ್ಟನ್ ಕಂಪನಿಯೇ ಹೇಳಿದೆ. 1/8 ಅಳತೆಯ ಫಿಗರ್ ಅಂದರೆ ಅದರ ಎಂಟನೇ ಒಂದು ಭಾಗ, ಸುಮಾರು 20 ಸೆಂಟಿಮೀಟರ್, 1/7 ಅಂದರೆ ಸುಮಾರು 22.5. ಎಷ್ಟೋ ಸಲ ಹಾರುವ ಜಡೆ, ಕೆಳಗಿನ ಪೀಠ ಸೇರಿಸಿ ಎತ್ತರ ಬರೆದಿರುತ್ತಾರೆ. ದೊಡ್ಡ ಸಂಖ್ಯೆ ನೋಡಿ ದೊಡ್ಡ ಮುಖ ಸಿಗುತ್ತದೆ ಅಂದುಕೊಳ್ಳಬೇಡಿ.

ಬಣ್ಣದಲ್ಲಿ ಮೊದಲು ಕಣ್ಣು. ನಮ್ಮೂರಲ್ಲಿ ಗಣಪನ ಮೂರ್ತಿಗೆ ಕಣ್ಣು ಬರೆಯುವ ಕೆಲಸವನ್ನು ಪಳಗಿದ ಕೈಗೇ ಬಿಡುತ್ತಾರೆ, ಅಲ್ವಾ? ಇಲ್ಲಿ ಆ ಕೈಯ ಜಾಗದಲ್ಲಿ ಪ್ಯಾಡ್ ಪ್ರಿಂಟಿಂಗ್ ಇದೆ. ಮೆತ್ತನೆಯ ಸಿಲಿಕೋನ್ ಪ್ಯಾಡ್ ಒಂದೊಂದೇ ಬಣ್ಣವನ್ನು ಉಬ್ಬಿದ ಕಣ್ಣಿನ ಮೇಲೆ ಒತ್ತುತ್ತದೆ. ಒಂದು ಬಣ್ಣ ಕೂದಲೆಳೆಯಷ್ಟು ಸರಿದರೂ ನೋಟ ಕೆಡುತ್ತದೆ. ರೆಪ್ಪೆಯ ಕೆತ್ತಿದ ಅಂಚಿನ ಮೇಲೆ ಕಪ್ಪು ಗೆರೆ ಸರಿಯಾಗಿ ಕೂತಿದೆಯಾ, ಎರಡೂ ಕಣ್ಣಿನ ಬಿಳಿ ಮಿಂಚು ತನ್ನ ಜಾಗದಲ್ಲಿದೆಯಾ, ಇಷ್ಟು ನೋಡಿ. ನೋಡುವಾಗ ಬಗ್ಗಿ ಫಿಗರ್‌ನ ಮುಖದ ಮಟ್ಟಕ್ಕೆ ಬನ್ನಿ. ಮೇಲಿನಿಂದ ನೋಡಿದರೆ ಒಳ್ಳೆಯ ಕಣ್ಣೂ ಓರೆಯಾಗಿ ಕಾಣಿಸುತ್ತದೆ.

ಟೋಕಿಯೊದ ನಕಾನೊ ಬ್ರಾಡ್‌ವೇ ಎಂಬ ಮಳಿಗೆ ಸಂಕೀರ್ಣದ ಅಂಗಡಿಗಳಲ್ಲಿ ಪೆಟ್ಟಿಗೆ ತೆರೆದ ಫಿಗರ್‌ಗಳನ್ನು ಗಾಜಿನ ಕಪಾಟಿನಲ್ಲಿ ಇಟ್ಟಿರುತ್ತಾರೆ. ಅಲ್ಲಿ ಒಂದೇ ಮಿಕುವಿನ ಎರಡು ಪೀಸ್ ಅಕ್ಕಪಕ್ಕ ಕೂತಿದ್ದವು. ಒಂದರ ಬೆಲೆ ಕಡಿಮೆ, ಎಡ ತೋಳಿನ ಮೇಲಿನ ಕೆಂಪು 01 ಅಂಕಿಯಲ್ಲಿ ಸೊನ್ನೆಯ ಅಂಚು ಚೂರು ಹರಡಿತ್ತು. ಇನ್ನೊಂದರ ತೋಳು, ಟೈ, ಸ್ಕರ್ಟ್ ಎಲ್ಲ ನೀಟಾಗಿತ್ತು. ಆದರೆ ಬಲಗಣ್ಣಿನ ಪ್ರಿಂಟ್ ಸ್ವಲ್ಪ ಕೆಳಗಿಳಿದು, ಮೇಲ್ರೆಪ್ಪೆಯ ಕೆಳಗೆ ಬಿಳಿಯ ಒಂದು ಗೀರು ಉಳಿದಿತ್ತು. ಅಷ್ಟಕ್ಕೇ ಅವಳು ಬೆಚ್ಚಿಬಿದ್ದವಳ ಹಾಗೆ ಕಾಣುತ್ತಿದ್ದಳು. ನಾನು ಮೊದಲನೆಯದನ್ನೇ ತೆಗೆದುಕೊಂಡೆ. ತೋಳಿನ ಕಲೆ ಜಡೆಯ ಹಿಂದೆ ಮರೆಯಾಗುತ್ತದೆ, ಮುಖ ಎಲ್ಲಿ ಮರೆಯಾಗುತ್ತದೆ?

ಚರ್ಮದ ಬಣ್ಣ ನೋಡಲು ಫೋನಿನ ಟಾರ್ಚ್ ಸಾಕು. ಗಾಜಿನ ಹೊರಗಿನಿಂದಲೇ ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಡುತ್ತೇನೆ, ಅಂಗಡಿಯವರನ್ನು ಕೇಳಿಕೊಂಡೇ. ಬಣ್ಣ ಹಚ್ಚದ ಪಿವಿಸಿ ಎಣ್ಣೆ ಸವರಿದಂತೆ ಹೊಳೆಯುತ್ತದೆ. ಹೊಳಪಿಲ್ಲದ ಮ್ಯಾಟ್ ಕೋಟ್ ಕೊಟ್ಟಿದ್ದರೆ ಬೆಳಕು ಮೆತ್ತಗೆ ಹರಡುತ್ತದೆ. ಮೊಣಕಾಲು, ಮೊಣಕೈ, ಕತ್ತಿನ ಮೂಳೆ, ಬೆರಳ ಸಂದಿ, ಈ ಜಾಗಗಳಲ್ಲಿ ಏರ್‌ಬ್ರಷ್‌ನಿಂದ (ಬಣ್ಣವನ್ನು ಸಣ್ಣಗೆ ಸಿಂಪಡಿಸುವ ಸಾಧನ) ತೆಳು ಕೆಂಪು ಸಿಂಪಡಿಸಿರಬೇಕು. ಅದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಅಂತ ಗೊತ್ತಾಗಬಾರದು. ದುಂಡಗೆ ಮಚ್ಚೆಯಂತೆ ಕಂಡರೆ ಅವಸರದ ಕೆಲಸ.

ಬಿಳಿ ಬಣ್ಣ ಏನನ್ನೂ ಮುಚ್ಚಿಡುವುದಿಲ್ಲ. ಮಿಕುವಿನ ಉಡುಪಿನ ಕಪ್ಪು ತೋಳುಗಳಿಗೆ ಹೊಂದಿಕೊಂಡ ತೆಳು ಬಣ್ಣದ ಭಾಗಗಳಿದ್ದರೆ ಸ್ಪ್ರೇ ಮಾಡಿದ ಕಪ್ಪು ಬಣ್ಣದ ದೂಳು ಅಲ್ಲಿ ಕೂತಿರಬಹುದು. ಉಡುಪಿನ ತೋಳಿನ ಮೇಲೆ ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯದ ಪ್ಯಾನೆಲ್‌ನಂಥ ಸಣ್ಣ ಗುಂಡಿಗಳಿವೆ. ಅಷ್ಟು ಚಿಕ್ಕ ಜಾಗದಲ್ಲಿ ಬಣ್ಣ ಗೆರೆ ದಾಟದೆ ನಿಂತಿದ್ದರೆ ಉಳಿದ ಕಡೆಯೂ ನಿಂತಿರುತ್ತದೆ ಅನ್ನುವುದು ನನ್ನ ಅನುಭವ.

ಎರಡು ಸಾವಿರದ ಫಿಗರ್ ಬಗ್ಗೆ ಯಾರಾದರೂ ತಾತ್ಸಾರದಿಂದ ಮಾತಾಡಿದರೆ ನನಗೆ ಬೇಸರವಾಗುತ್ತದೆ. ಅವು ಮೂಲತಃ ಕ್ರೇನ್ ಗೇಮ್‌ನ (ಯಂತ್ರದ ಕೊಕ್ಕೆಯಿಂದ ಬಹುಮಾನ ಎತ್ತುವ ಆಟ) ಬಹುಮಾನ, ಅಂಗಡಿಗೆ ಬರುವುದು ಮರುಮಾರಾಟಕ್ಕೆ. ಅಂಥ ಬಹುಮಾನಕ್ಕೆ ಬೆಲೆಯ ಮಿತಿ ಇದೆ. ಮೊದಲು 800 ಯೆನ್ ಇತ್ತು, 2022ರಲ್ಲಿ 1,000 ಆಯಿತು. ಅಷ್ಟರಲ್ಲಿ ನೆರಳಿನ ಬಣ್ಣಕ್ಕೆಲ್ಲ ದುಡ್ಡು ಉಳಿಯುವುದು ಕಷ್ಟ. ಆದರೂ ಅವುಗಳಲ್ಲಿ ಕೆಲವದರ ಕೆತ್ತನೆ ದುಬಾರಿ ಫಿಗರ್‌ಗೆ ಸರಿಸಮ. ನನ್ನ ಕಪಾಟಿನಲ್ಲಿ ಅಂಥವು ಮುಂದಿನ ಸಾಲಿನಲ್ಲೇ ಇವೆ. ಕೈಯಲ್ಲಿ ಏರ್‌ಬ್ರಷ್ ಇದ್ದರೆ ನೆರಳನ್ನು ನಾವೇ ಕೊಡಬಹುದು. ಕೆಟ್ಟ ಮುಖವನ್ನು ಮಾತ್ರ ಯಾರೂ ಸರಿಮಾಡಲಾರರು.

ಕೆಲವು ದೋಷಗಳಿಗೆ ಹೆದರಬೇಕಿಲ್ಲ. ಬಹಳ ದಿನ ಪೆಟ್ಟಿಗೆಯಲ್ಲಿದ್ದ ಫಿಗರ್ ಅಂಟಂಟಾಗಿದ್ದರೆ ಅದು ಪಿವಿಸಿಯನ್ನು ಮೆತ್ತಗಿಡುವ ರಾಸಾಯನಿಕ ಹೊರಬಂದಿರುವುದು. ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಹಾಕಿದ ಉಗುರುಬೆಚ್ಚಗಿನ ನೀರಲ್ಲಿ ತೊಳೆದರೆ ಸಾಮಾನ್ಯವಾಗಿ ಹೋಗುತ್ತದೆ. ಬಾಗಿದ ಜಡೆಯನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ ನೇರ ಮಾಡಿ, ತಣ್ಣೀರಲ್ಲಿ ಹಿಡಿದರೆ ಹಾಗೇ ನಿಲ್ಲುತ್ತದೆ. ಆದರೆ ಗಾಢ ಬಣ್ಣದ ಬಟ್ಟೆ ಚರ್ಮಕ್ಕೆ ಒತ್ತಿಕೊಂಡು ಬಣ್ಣ ಇಳಿದಿದ್ದರೆ ಅದು ಪಿವಿಸಿಯ ಒಳಗೇ ಹೋಗಿರುತ್ತದೆ, ಉಜ್ಜಿದರೆ ಹೋಗುವುದಿಲ್ಲ. ಹಾಗಾಗಿ ಹಳೆಯ ಫಿಗರ್ ಕೊಳ್ಳುವಾಗ ಸ್ಕರ್ಟಿನ ಅಂಚು ತೊಡೆಗೆ ತಾಗುವ ಜಾಗವನ್ನು ಕೊನೆಯದಾಗಿ ಒಮ್ಮೆ ನೋಡಿ, ಆಮೇಲೆ ದುಡ್ಡು ಕೊಡಿ.