ಆಟಿಯ ಭಾನುವಾರ ಬೀನ್ ದಿನ ಮಾಡುವ ಬಗೆ

ಉಡುಪಿಯಲ್ಲಿ ನನ್ನದು ಸಣ್ಣ ಹೊಲಿಗೆ ಅಂಗಡಿ. ಕೋಟು ಬೇಕೆಂದು ಬರುವವರು ಒಂದೋ ಮದುಮಗನ ಕಡೆಯವರು, ಇಲ್ಲವೇ ಕೃಷ್ಣಾಷ್ಟಮಿಗೆ ವೇಷ ಹಾಕುವವರು. ಮೂರನೆಯ ಜಾತಿಯ ಗಿರಾಕಿಯನ್ನು ನಾನೇ ಮೈಮೇಲೆ ಎಳೆದುಕೊಂಡೆ: ಟಿವಿಯ ಹಾಸ್ಯಪಾತ್ರ ಮಿಸ್ಟರ್ ಬೀನ್ ಆಗಬೇಕೆನ್ನುವ ಮಕ್ಕಳು. ನಾಲ್ಕು ವರ್ಷಗಳ ಹಿಂದೆ ನಮ್ಮ ಬೀದಿಯ ಐದು ಮನೆಗಳವರು ಸೇರಿ ಆರಂಭಿಸಿದ ಬೀನ್ ದಿನಕ್ಕೆ ಈಗ ಎಂಬತ್ತು ಜನ ಬರುತ್ತಾರೆ. ಬೇರೆ ಊರಿನವರು ಅಂಗಡಿಗೆ ಬಂದು ಹೇಗೆ ಮಾಡುವುದೆಂದು ಕೇಳುತ್ತಾರೆ. ಹೊಲಿಗೆ ಯಂತ್ರ ನಿಲ್ಲಿಸಿ ಹೇಳಿ ಹೇಳಿ ಸಾಕಾಗಿದೆ, ಒಮ್ಮೆ ಬರೆದುಬಿಡುತ್ತೇನೆ.

ದಿನ ಗೊತ್ತುಮಾಡುವಾಗ ಆಟಿ ತಿಂಗಳ ಭಾನುವಾರವನ್ನೇ ಹಿಡಿಯಿರಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ನಮ್ಮಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಯಕ್ಷಗಾನ ಮೇಳಗಳ ತಿರುಗಾಟವೂ ಇಲ್ಲ. ಸಭಾಭವನ ಖಾಲಿ ಬಿದ್ದಿರುತ್ತದೆ, ಬಾಡಿಗೆ ಇಳಿಸುವಂತೆ ಧೈರ್ಯವಾಗಿ ಕೇಳಬಹುದು. ಡಿಸೆಂಬರಿನಲ್ಲಿ ಮಾಡಿದರೆ ಜನ ಯಕ್ಷಗಾನದ ಆಟ, ದೈವದ ಕೋಲ, ಮದುವೆ ಬಿಟ್ಟು ನಿಮ್ಮಲ್ಲಿಗೆ ಬರುವುದಿಲ್ಲ, ಬರಲೂಬಾರದು. ಆಟಿಯಲ್ಲಿ ಒಂದೇ ಎಚ್ಚರಿಕೆ: ನಿಮ್ಮ ಊರಿನ ಯುವಕ ಮಂಡಲದ 'ಆಟಿಡೊಂಜಿ ದಿನ' (ಆಟಿಯಲ್ಲೊಂದು ದಿನ ಎಂಬ ಕೂಟ) ಅದೇ ಭಾನುವಾರ ಬೀಳುತ್ತದೆಯೇ ಎಂದು ವಿಚಾರಿಸಿ.

ಬೀನ್‌ನೇ ಏಕೆ ಎಂದರೆ, ನಮ್ಮ ಬೀದಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲವೂ ಇವೆ. ಮಾತಿನ ಹಾಸ್ಯವಾದರೆ ಒಂದು ಮನೆಯವರು ನಕ್ಕು ಮುಗಿಸಿದ ಮೇಲೆ ಪಕ್ಕದ ಮನೆಯವರಿಗೆ ಅರ್ಥ ಹೇಳಬೇಕು. ಈ ಪುಣ್ಯಾತ್ಮ ಗೊಣಗುವುದು ಬಿಟ್ಟರೆ ಬಾಯಿ ತೆರೆಯುವುದೇ ಅಪರೂಪ. ಅಜ್ಜಿಯೂ ಮೊಮ್ಮಗನೂ ಒಂದೇ ಕ್ಷಣಕ್ಕೆ ನಗುತ್ತಾರೆ.

ಆದರೆ ಬೀನ್ ಅಭಿಮಾನಿಗಳಲ್ಲಿ ಎರಡು ಪಂಗಡಗಳಿವೆ. ಬ್ರಿಟನ್ನಿನ ಐಟಿವಿಯಲ್ಲಿ 1990ರ ಜನವರಿ 1ರಂದು ಆರಂಭವಾದ, ರೋವನ್ ಅಟ್ಕಿನ್ಸನ್ ಅಭಿನಯಿಸಿದ ಮೂಲ ಸರಣಿಯಲ್ಲಿ ಇರುವುದು ಬರೀ 15 ಕಂತುಗಳು. ದೊಡ್ಡವರಿಗೆ ಅವನೇ ಬೀನ್. ಮಕ್ಕಳಿಗೆ 2002ರಲ್ಲಿ ಬಂದ ಕಾರ್ಟೂನಿನವನೇ ಬೀನ್. ಮನೆಯೊಡತಿ ಮಿಸೆಸ್ ವಿಕೆಟ್, ಅವಳ ಒಕ್ಕಣ್ಣಿನ ಬೆಕ್ಕು ಸ್ಕ್ರ್ಯಾಪರ್ ಇಲ್ಲದಿದ್ದರೆ ಅವರು ಮುನಿಸಿಕೊಳ್ಳುತ್ತಾರೆ. ಎರಡನೆಯ ವರ್ಷ ರಸಪ್ರಶ್ನೆಯಲ್ಲಿ ಇದೇ ವಿಷಯಕ್ಕೆ ಒಬ್ಬ ತಂದೆ ಮತ್ತು ಮಗಳ ನಡುವೆ ಜಗಳವಾಗಿ, ಊಟದವರೆಗೂ ಮಾತು ನಿಂತಿತು. ಪ್ರಶ್ನೆಗಳನ್ನು ಎರಡು ಡಬ್ಬಿಗಳಲ್ಲಿ ಹಾಕಿಡಿ, ಯಾವ ಡಬ್ಬಿ ಬೇಕೆಂದು ಅವರೇ ಆರಿಸಲಿ.

ಕಂತುಗಳನ್ನು ಪರದೆಯ ಮೇಲೆ ತೋರಿಸುವ ಆಸೆಯನ್ನು ಬಿಡಿ. ಮೊದಲ ವರ್ಷ ನಾವು ಎರವಲು ಪ್ರೊಜೆಕ್ಟರ್ ತಂದು ಕೂತಿದ್ದೆವು. ಬಂದವರಲ್ಲಿದ್ದ ಒಬ್ಬ ವಕೀಲರು, ಮನೆಯಲ್ಲಿ ನೋಡುವುದು ಬೇರೆ, ಸಭಾಭವನದಲ್ಲಿ ನೂರು ಜನಕ್ಕೆ ತೋರಿಸುವುದು ಬೇರೆ, ಹಕ್ಕುಳ್ಳವರ ಅನುಮತಿ ಬೇಕು ಎಂದರು. ವಾದ ನಡೆಯುತ್ತಿರುವಾಗಲೇ ಮಳೆಗೆ ಕರೆಂಟೂ ಹೋಯಿತು. ಕತ್ತಲೆಯಲ್ಲಿ ಒಬ್ಬ ಹುಡುಗ ವೇದಿಕೆ ಹತ್ತಿ ಬೊತ್ತೆಂದು ಬಿದ್ದ, ಅವನ ಅಕ್ಕ ಟಾರ್ಚ್ ಬಿಟ್ಟಳು. ಸರಣಿಯ ಆರಂಭದಲ್ಲಿ ಬೆಳಕಿನ ಕೋಲಿನೊಳಗೆ ಬೀನ್ ಆಕಾಶದಿಂದ ಬೀಳುವುದು ಹಾಗೆಯೇ ಅಲ್ಲವೇ? ಸಭೆ ಹೋ ಎಂದು ನಕ್ಕಿತು. ಅಂದಿನಿಂದ ನಮ್ಮಲ್ಲಿ ದೀಪ ಬೆಳಗುವ ಕಾರ್ಯಕ್ರಮವಿಲ್ಲ, ದೀಪ ಆರಿಸಿ ಟಾರ್ಚ್ ಬಿಡುವುದೇ ಉದ್ಘಾಟನೆ.

ಇನ್ನು ಬಟ್ಟೆ. ಇಲ್ಲಿ ನಾನು ಸ್ವಲ್ಪ ಹೆಚ್ಚು ಮಾತನಾಡುತ್ತೇನೆ. ಬೀನ್‌ನ ಕೋಟು ಟ್ವೀಡಿನದು, ದಪ್ಪ ಉಣ್ಣೆಯ ಬಟ್ಟೆ. ನಮ್ಮ ಕರಾವಳಿಯ ಸೆಕೆಯಲ್ಲಿ ಅದನ್ನು ಹಾಕಿದ ಮಗು ಅರ್ಧ ಗಂಟೆಯಲ್ಲಿ ಬೆಂದುಹೋಗುತ್ತದೆ. ಒರಟು ನೇಯ್ಗೆಯ ಕಂದು ಹತ್ತಿ ಬಟ್ಟೆ ತನ್ನಿ, ಲೈನಿಂಗ್ ಹಾಕಬೇಡಿ, ಕ್ಯಾನ್ವಾಸನ್ನು ಕಾಲರಿಗೆ ಮಾತ್ರ ಇಡಿ. ಭುಜ ಅಳತೆಗಿಂತ ಅರ್ಧ ಇಂಚು ಬಿಗಿಯಿರಲಿ. ಬಿಗಿ ಕೋಟಿನೊಳಗೆ ಕೈ ತಾನಾಗಿಯೇ ಬೀನ್‌ನ ಕೈಯಂತೆ ಗಡಸಾಗುತ್ತದೆ. ಕೆಂಪು ಟೈ ಸಪೂರವಾಗಿರಬೇಕು, ಅಪ್ಪನ ಅಗಲದ ಟೈ ಕಟ್ಟಿದರೆ ಶಾಲೆಯ ವಾರ್ಷಿಕೋತ್ಸವದ ಭಾಷಣಕಾರನಂತೆ ಕಾಣುತ್ತದೆ. ಪ್ಯಾಂಟು ಹೊಲಿಸಲೇಬೇಡಿ. ಹೋದ ವರ್ಷದ ಗಿಡ್ಡವಾದ ಪ್ಯಾಂಟು ಈ ವರ್ಷ ಬೀನ್‌ಗೆ ಸರಿಯಾಗುತ್ತದೆ. ನನ್ನ ವ್ಯಾಪಾರಕ್ಕೆ ನಷ್ಟವಾದರೂ ಹೇಳುತ್ತಿದ್ದೇನೆ. ಬೀನ್‌ನ ಕರಡಿ ಗೊಂಬೆ ಟೆಡ್ಡಿಗೆ ಹಳೆಯ ಕಂದು ಸ್ವೆಟರಿನ ತೋಳು ಸಾಕು. ಮೂಲದಲ್ಲಿ ಅದಕ್ಕೆ ಗುಂಡಿಯ ಕಣ್ಣುಗಳು, ಆದರೆ ಪುಟ್ಟ ಮಕ್ಕಳು ಗುಂಡಿಯನ್ನು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತವೆ, ಕಪ್ಪು ದಾರದಿಂದಲೇ ಕಣ್ಣು ಬಿಡಿಸಿ.

ಸ್ಪರ್ಧೆಗಳಲ್ಲಿ ನಮ್ಮಲ್ಲಿ ನಿಂತದ್ದು ಬೆಂಚಿನ ಆಟ. 1990ರ ಒಂದು ಕಂತಿನಲ್ಲಿ ಬೀನ್ ಉದ್ಯಾನದ ಬೆಂಚಿನಲ್ಲಿ ಕೂತು ಕತ್ತರಿಯಿಂದ ಬ್ರೆಡ್ ಕತ್ತರಿಸುತ್ತಾನೆ, ತೊಳೆದ ಸೊಪ್ಪನ್ನು ಕಾಲುಚೀಲದಲ್ಲಿ ಹಾಕಿ ಬೀಸಿ ನೀರಿಳಿಸುತ್ತಾನೆ, ಬಿಸಿನೀರಿನ ರಬ್ಬರ್ ಚೀಲದಲ್ಲಿ ಚಹಾ ಮಾಡುತ್ತಾನೆ. ನಾವು ಬ್ರೆಡ್ಡಿನ ಬದಲು ಬನ್ಸ್ ಕೊಡುತ್ತೇವೆ. ಐದು ನಿಮಿಷ, ಮಾತಿಲ್ಲ, ನಗುವಿಲ್ಲ. ಕತ್ತರಿ ಮೊಂಡಾಗಿರಲಿ, ಕಾಲುಚೀಲ ಹೊಸದಾಗಿರಲಿ. ತಿಂಡಿ ಚೆಲ್ಲಿದರೆಂದು ಹಿರಿಯರು ಬೇಸರಿಸಿದ್ದರಿಂದ, ಮಾಡಿದ್ದನ್ನು ಮಾಡಿದವರೇ ತಿನ್ನಬೇಕೆಂಬ ನಿಯಮ ಸೇರಿತು. ತೀರ್ಪಿಗೆ ಯಕ್ಷಗಾನದ ಹಾಸ್ಯಗಾರರೊಬ್ಬರನ್ನು ಕರೆಯಿರಿ, ಮಳೆಗಾಲದಲ್ಲಿ ಅವರಿಗೆ ಬಿಡುವಿರುತ್ತದೆ. ನಮ್ಮಲ್ಲಿಗೆ ಬಂದವರು ಅಟ್ಕಿನ್ಸನ್ನನ ಹೆಸರೇ ಕೇಳಿದವರಲ್ಲ. ಆದರೂ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಮೊದಲು ಕಣ್ಣು ತಿರುಗಲಿ, ಆಮೇಲೆ ಕತ್ತು, ಕೊನೆಗೆ ಮೈ ಎಂದು ತಿದ್ದಿದರು. ಆ ಹತ್ತು ನಿಮಿಷಕ್ಕೆ ಹೋಲಿಸಿದರೆ ನಾವು ಕೊಟ್ಟ ಗೌರವಧನ ಏನೂ ಅಲ್ಲ.

ಬೀನ್‌ನ ಪುಟ್ಟ ಕಾರಿಗೆ ಫ್ರಿಜ್ಜಿನ ರಟ್ಟಿನ ಪೆಟ್ಟಿಗೆ, ಮೈಗೆ ಹಳದಿಮಿಶ್ರಿತ ಹಸಿರು ಬಣ್ಣ, ಬಾನೆಟ್ಟಿಗೆ ಕಪ್ಪು, ಬಾಗಿಲಿಗೊಂದು ನಿಜವಾದ ಬೀಗ. ಬೀನ್ ಉರುಳಿಸುವ ನೀಲಿ ಮೂರು ಚಕ್ರದ ಗಾಡಿಯನ್ನು ಇನ್ನೊಂದು ಪೆಟ್ಟಿಗೆಯಲ್ಲಿ ಮಾಡಿ. ಬೀದಿಯ ರಿಕ್ಷಾದವರು ತಮ್ಮನ್ನೇ ಅಣಕಿಸಿದ್ದೀರಿ ಎಂದು ತಮಾಷೆಯಾಗಿ ದಬಾಯಿಸುತ್ತಾರೆ. ಅವರನ್ನೂ ಊಟಕ್ಕೆ ಕರೆಯಿರಿ. ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟು. 1994ರ ಕಂತಿನಲ್ಲಿ ಬೀನ್ ಕಾರಿನ ಮೇಲೆ ಸೋಫಾ ಕುರ್ಚಿ ಕಟ್ಟಿ, ಅದರಲ್ಲಿ ಕೂತು ಹಗ್ಗ ಮತ್ತು ಕೋಲಿನಿಂದ ಕಾರು ಓಡಿಸುತ್ತಾನೆ. ಸರಣಿಗೆ 25 ವರ್ಷ ತುಂಬಿದಾಗ, 2015ರಲ್ಲಿ, ಅಟ್ಕಿನ್ಸನ್ ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯ ಎದುರು ಹಾಗೆಯೇ ಕೂತು ಬಂದರು. ಪ್ರತಿವರ್ಷವೂ ಯಾರಾದರೊಬ್ಬ ಕಾಲೇಜು ಹುಡುಗ ಇದನ್ನು ಮಾಡುತ್ತೇನೆಂದು ಹೊರಡುತ್ತಾನೆ. ಬೇಡ. ಕುರ್ಚಿಯನ್ನು ನೆಲದ ಮೇಲಿಟ್ಟು ಮುಂದೆ ರಟ್ಟಿನ ಕಾರು ನಿಲ್ಲಿಸಿ, ಫೋಟೋದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಊಟ ಸರಳವಾಗಿರಲಿ, ಪತ್ರೊಡೆಯನ್ನು ಮಾತ್ರ ತಪ್ಪಿಸಬೇಡಿ.

ಮುಗಿದ ಮೇಲೆ ಕೋಟುಗಳನ್ನು ಒದ್ದೆಯಾಗಿಯೇ ಮಡಚಿ ಇಟ್ಟರೆ ವಾರದೊಳಗೆ ಬೂಸ್ಟು ಹಿಡಿಯುತ್ತದೆ. ಫ್ಯಾನಿನಡಿ ಎರಡು ದಿನ ನೇತುಹಾಕಿ, ಇಸ್ತ್ರಿ ಮಾಡಿ, ನುಸಿಗುಳಿಗೆ ಹಾಕಿ ಕಟ್ಟಿಡಿ. ತೀರಾ ಒಳಗೆ ಸೇರಿಸಬೇಡಿ, ಅಷ್ಟಮಿಗೆ ಯಾರಾದರೂ ಕೇಳಿಕೊಂಡು ಬಂದೇ ಬರುತ್ತಾರೆ. ಹೋದ ಸಲ ಅಷ್ಟಮಿಯ ಮರುದಿನದ ವಿಟ್ಲಪಿಂಡಿಯಂದು ರಥಬೀದಿಯಲ್ಲಿ ಹುಲಿವೇಷಗಳ ಹಿಂದೆ ಟೆಡ್ಡಿ ಹಿಡಿದು ಗಿಡ್ಡ ಪ್ಯಾಂಟಿನಲ್ಲಿ ನಡೆದವನ ಕೋಟು ನನ್ನದೇ. ಇನ್ನೂ ವಾಪಸು ಕೊಟ್ಟಿಲ್ಲ.